ಸಂಶೋಧನೆಗೆ ದುಡ್ಡು ಯಾರದು, ಪ್ರಶ್ನೆ ಯಾರದು? ಕಾಸರಗೋಡಿನಿಂದ ಒಂದು ನೋಟ

2019ರ ಮಾರ್ಚ್ 13ರಂದು ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಆಡಳಿತ ಕಚೇರಿ ಒಂದು ಸುತ್ತೋಲೆ ಹೊರಡಿಸಿತು. ಪಿಎಚ್‌.ಡಿ. ವಿಷಯಗಳು ರಾಷ್ಟ್ರೀಯ ಆದ್ಯತೆಗಳಿಗೆ ಅನುಗುಣವಾಗಿರಬೇಕು, ಅಪ್ರಸ್ತುತ ಕ್ಷೇತ್ರಗಳ ಸಂಶೋಧನೆಗೆ ಉತ್ತೇಜನ ಕೊಡಬಾರದು, ಪ್ರತಿ ವಿಭಾಗವೂ ವಿಷಯಗಳ ಪಟ್ಟಿಯೊಂದನ್ನು ಮೊದಲೇ ಸಿದ್ಧಪಡಿಸಿಟ್ಟು ವಿದ್ಯಾರ್ಥಿಗಳು ಅದರಿಂದ ಆರಿಸಿಕೊಳ್ಳುವಂತಾಗಬೇಕು ಎಂಬುದು ಅದರ ಸಾರ. ಹಿಂದಿನ ಡಿಸೆಂಬರಿನಲ್ಲಿ ನಡೆದ ಕೇಂದ್ರೀಯ ವಿಶ್ವವಿದ್ಯಾಲಯಗಳ ಕುಲಪತಿಗಳ ಸಭೆಯನ್ನು ಸುತ್ತೋಲೆ ಆಧಾರವಾಗಿ ತೋರಿಸಿತ್ತು. ಅಲ್ಲಿನ ಇಂಗ್ಲಿಷ್ ಅಧ್ಯಯನ ಮಂಡಳಿಯ ಸದಸ್ಯೆಯಾಗಿದ್ದ ಪ್ರಾಧ್ಯಾಪಕಿ ಮೀನಾ ಟಿ. ಪಿಳ್ಳೆ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ವಿಷಯ ರಾಷ್ಟ್ರಮಟ್ಟದಲ್ಲಿ ಸದ್ದು ಮಾಡಿದ ಮೇಲೆ, ತಾನು ಅಂತಹ ನಿರ್ದೇಶನ ಕೊಟ್ಟೇ ಇಲ್ಲವೆಂದು ಕೇಂದ್ರ ಸರ್ಕಾರ ಹೇಳಿತು.

ಈ ಕೊನೆಯ ಮಾತನ್ನು ನಂಬಬಹುದು. ನಂಬಿದರೆ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ದೆಹಲಿಯಿಂದ ಆದೇಶ ಬರಬೇಕಾಗಿಯೇ ಇರಲಿಲ್ಲ. ದೆಹಲಿಗೆ ಏನು ಇಷ್ಟವೆಂದು ಊಹಿಸಿ ಪೆರಿಯದಲ್ಲಿಯೇ ಆದೇಶ ತಯಾರಾಯಿತು ಎಂದಾಗುತ್ತದೆ. ಸರ್ಕಾರ ವಿಶ್ವವಿದ್ಯಾಲಯದ ಮೇಲೆ ಪ್ರಭಾವ ಬೀರುತ್ತದೆ ಎಂದಾಗ ನಾವು ಮಂತ್ರಿಯೊಬ್ಬರು ಫೋನ್ ಎತ್ತಿ ಗದರಿಸುವ ದೃಶ್ಯವನ್ನು ಕಲ್ಪಿಸಿಕೊಳ್ಳುತ್ತೇವೆ. ಅದೂ ನಡೆಯುವುದುಂಟು. ಆದರೆ ಹೆಚ್ಚಿನ ಪ್ರಭಾವ ಫೋನಿಲ್ಲದೆಯೇ ನಡೆಯುತ್ತದೆ. ಅಡಿಕೆ ತೋಟದಲ್ಲಿ ನೀರಿನ ಗೇಟ್‌ವಾಲ್ವ್ ಯಾರ ಕೈಯಲ್ಲಿದೆಯೋ ಅವರು ಮರಗಳಿಗೆ ಏನನ್ನೂ ಹೇಳಬೇಕಾಗಿಲ್ಲ. ಯಾವ ಸಾಲು ಹಸಿರಾಗುತ್ತದೆ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಆ ಸುತ್ತೋಲೆಯಲ್ಲಿ ಗಮನಿಸಬೇಕಾದ ಪದ ‘ಆದ್ಯತೆ’. ಆದ್ಯತೆ ಬೇಡವೆಂದು ಯಾರೂ ಹೇಳುವುದಿಲ್ಲ, ತೆರಿಗೆಯ ಹಣಕ್ಕೆ ಲೆಕ್ಕ ಬೇಕು. ಆದರೆ ಪಟ್ಟಿ ಮಾಡುವವರ ಕಣ್ಣಿಗೆ ಬೀಳದ ವಿಷಯಗಳ ಗತಿ ಏನು? ಕೊರಗ ಭಾಷೆಯನ್ನು ಆಡುವವರು ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಚದುರಿಹೋಗಿದ್ದಾರೆ, ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ತುಳು ಇನ್ನೂ ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷಾಪಟ್ಟಿಯ ಹೊರಗಿದೆ. ಕೇರಳ-ಕರ್ನಾಟಕ ಗಡಿಯ ಎರಡೂ ಕಡೆ ಹಂಚಿಹೋಗಿರುವ ಭೂದಾಖಲೆಗಳು, ತುಳುವಿನ ಮೌಖಿಕ ಕಥನಗೀತೆಗಳಾದ ಪಾಡ್ದನಗಳು, ಯಕ್ಷಗಾನದ ಹಸ್ತಪ್ರತಿಗಳು ಇವು ಯಾವ ರಾಷ್ಟ್ರೀಯ ಪಟ್ಟಿಯಲ್ಲಿಯೂ ಮೊದಲ ಹತ್ತರೊಳಗೆ ಬರುವುದಿಲ್ಲ. ತಿರುವನಂತಪುರದ ಪಟ್ಟಿಯಲ್ಲಿಯೂ ಬರುವುದಿಲ್ಲ, ಬೆಂಗಳೂರಿನ ಪಟ್ಟಿಯಲ್ಲಿ ರಾಜ್ಯೋತ್ಸವದ ತಿಂಗಳಲ್ಲಿ ಮಾತ್ರ ಬರುತ್ತವೆ. ಇಲ್ಲಿ ಯಾರೂ ಯಾವುದನ್ನೂ ನಿಷೇಧಿಸಬೇಕಾಗಿಲ್ಲ.

ಹಾಗಾದರೆ ಹಣ ಎಲ್ಲಿಂದ ಬರುತ್ತದೆ, ಯಾರ ಕೈ ದಾಟುತ್ತದೆ? ಸಂವಿಧಾನ ಬಂದಾಗ ಶಿಕ್ಷಣ ರಾಜ್ಯಪಟ್ಟಿಯಲ್ಲಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೆಯ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸಾಗಿಸಿತು. ಉನ್ನತ ಶಿಕ್ಷಣದ ಮಟ್ಟವನ್ನು ನಿರ್ಧರಿಸುವ ಅಧಿಕಾರವಂತೂ ಮೊದಲಿನಿಂದಲೂ ಕೇಂದ್ರಪಟ್ಟಿಯ 66ನೆಯ ನಮೂದಿನಲ್ಲಿ ಕೇಂದ್ರದ ಕೈಯಲ್ಲಿದೆ. ಅದನ್ನು ಚಲಾಯಿಸುವ ಸಂಸ್ಥೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ; ಅದರ ಕಾನೂನು 1956ರದ್ದು. ಪರಿಣಾಮವಾಗಿ ಕಾಸರಗೋಡು ಜಿಲ್ಲೆಯೊಂದರಲ್ಲಿಯೇ ಮೂರು ಬಗೆಯ ಯಜಮಾನಿಕೆಯನ್ನು ಕಾಣಬಹುದು. ಪೆರಿಯದ ವಿಶ್ವವಿದ್ಯಾಲಯ 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯಿದೆಯಡಿ ಹುಟ್ಟಿದ್ದು. ಅದರ ‘ಸಂದರ್ಶಕರು’ (ವಿಜಿಟರ್), ಅಂದರೆ ಎಲ್ಲರಿಗಿಂತ ಮೇಲಿನ ಅಧಿಕಾರಸ್ಥಾನದಲ್ಲಿರುವವರು, ರಾಷ್ಟ್ರಪತಿ; ಹಣ ಕೇಂದ್ರದ್ದು. ವಿದ್ಯಾನಗರದ ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜು ಮುಂತಾದವು 1996ರಲ್ಲಿ ಸ್ಥಾಪನೆಯಾದ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಸಂಬಳ ರಾಜ್ಯದ್ದು, ನಿಯಮ ಯುಜಿಸಿಯದ್ದು. ತೆಂಗು ಅಡಿಕೆಗಳ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಅಂಗ. ಆ ಪರಿಷತ್ತಿನ ಅಧ್ಯಕ್ಷರು ಪದನಿಮಿತ್ತವಾಗಿ ಕೇಂದ್ರದ ಕೃಷಿ ಮಂತ್ರಿಯೇ.

ಸಿಪಿಸಿಆರ್‌ಐ ಚರಿತ್ರೆಯಲ್ಲಿ ಇಂದು ಬಹುತೇಕ ಮರೆತುಹೋದ ಒಂದು ಅಧ್ಯಾಯವಿದೆ. 1916ರಲ್ಲಿ ಮದ್ರಾಸ್ ಸರ್ಕಾರ ಕಾಸರಗೋಡು, ಪಿಲಿಕ್ಕೋಡು, ನೀಲೇಶ್ವರಗಳಲ್ಲಿ ತೆಂಗಿನ ಸಂಶೋಧನಾ ಕೇಂದ್ರಗಳನ್ನು ತೆರೆಯಿತು. 1944ರ ಕಾಯಿದೆಯೊಂದು ಗಿರಣಿಗೆ ಹೋಗುವ ಕೊಬ್ಬರಿಯ ಮೇಲೆ ಸುಂಕ ಹಾಕಿ, ಆ ಹಣವನ್ನು ತೆಂಗಿನ ಸಮಿತಿಗೆ ಕೊಟ್ಟಿತು. ಕಾಸರಗೋಡಿನ ಕೇಂದ್ರ ಸ್ವಾತಂತ್ರ್ಯದ ಹೊತ್ತಿಗೆ ಆ ಸಮಿತಿಯ ಆಡಳಿತಕ್ಕೆ ಬಂತು. ಅಂದರೆ ಬೆಳೆಯ ವಹಿವಾಟಿನಿಂದಲೇ ಹುಟ್ಟಿದ ಹಣ ಬೆಳೆಯ ಸಂಶೋಧನೆಗೆ ಹೋಗುತ್ತಿತ್ತು. 1960ರ ದಶಕದ ನಡುವಿನಲ್ಲಿ ಇಂತಹ ಬೆಳೆಸಮಿತಿಗಳನ್ನೆಲ್ಲ ರದ್ದುಮಾಡಿ ಸಂಶೋಧನೆಯನ್ನು ಕೇಂದ್ರ ಪರಿಷತ್ತಿಗೆ ಒಪ್ಪಿಸಲಾಯಿತು. 1970ರಲ್ಲಿ ಈಗಿನ ಸಂಸ್ಥೆ ರೂಪುಗೊಂಡಿತು. ಸಮನ್ವಯ ಹೆಚ್ಚಿತು, ನಿಜ. ಆದರೆ ಮುಂದಿನ ವರ್ಷದ ಹಣಕ್ಕಾಗಿ ನೋಡಬೇಕಾದ ದಿಕ್ಕು ಬದಲಾಯಿತು.

ಪ್ರಶ್ನೆ ಕೇಳುವವರಿಗೂ ದುಡ್ಡು ಕೊಡುವವರಿಗೂ ಇರುವ ಸಂಬಂಧ ಎಷ್ಟು ದುಬಾರಿಯಾಗಬಹುದು ಎಂಬುದನ್ನು ತಿಳಿಯಲು ಇದೇ ಜಿಲ್ಲೆಯ ಎಣ್ಮಕಜೆಯ ಪಡ್ರೆಗೆ ಹೋಗಬೇಕು. ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಥೆಯನ್ನು ಸಾಮಾನ್ಯವಾಗಿ ಸಂತ್ರಸ್ತರ ಕಥೆಯಾಗಿ ಹೇಳುತ್ತೇವೆ. ಅದು ಸಂಶೋಧನೆಯ ಕಥೆಯೂ ಹೌದು.

ಕೇರಳ ಸರ್ಕಾರದ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಕಾಸರಗೋಡಿನ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಕೀಟನಾಶಕ ಸಿಂಪಡಿಸಿತು. ತೋಟದ ಯಜಮಾನ ರಾಜ್ಯ ಸರ್ಕಾರ. ಎಂಡೋಸಲ್ಫಾನ್ ತಯಾರಿಸುತ್ತಿದ್ದವರಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಒಂದು. ಪರವಾನಗಿ ಕೊಡುವುದು ಕೇಂದ್ರ ಕೃಷಿ ಇಲಾಖೆ. ವಿಷ ಬಿದ್ದರೆ ಪರೀಕ್ಷೆ ಮಾಡಬೇಕಾದ ಪ್ರಯೋಗಾಲಯಗಳೂ ಬಹುಪಾಲು ಸರ್ಕಾರದವೇ. ವಿರುದ್ಧ ತೀರ್ಮಾನ ಬಂದರೆ ನಷ್ಟ ಅನುಭವಿಸದ ಒಬ್ಬ ಯಜಮಾನನೂ ಈ ಸರಪಣಿಯಲ್ಲಿ ಇರಲಿಲ್ಲ.

ಹಾಗಾಗಿ ಮೊದಲ ಸಂಶೋಧಕರು ವಿಶ್ವವಿದ್ಯಾಲಯದವರಲ್ಲ. ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಆ ಊರಿನವರೇ. ಅಂಗವೈಕಲ್ಯದೊಂದಿಗೆ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬಹಳ ಮೊದಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಚಿಕ್ಕ ಚಿಕಿತ್ಸಾಲಯಕ್ಕೆ ಬರುತ್ತಿದ್ದ ರೋಗಿಗಳಲ್ಲಿ ಒಂದೇ ಪ್ರದೇಶದ ಮನೆಗಳಿಂದ ವಿಚಿತ್ರ ಕಾಯಿಲೆಗಳು ಬರುತ್ತಿರುವುದನ್ನು ಗುರುತಿಸಿ ದಾಖಲಿಸಿದರು. ಯಾವ ಅನುದಾನವೂ ಇಲ್ಲದ, ಯಾವ ಆದ್ಯತಾ ಪಟ್ಟಿಯಲ್ಲಿಯೂ ಇಲ್ಲದ ಕೆಲಸ ಅದು. ಸಿಂಪಡಣೆ ನಿಂತದ್ದು ಕೂಡ ವಿಜ್ಞಾನಿಗಳ ಶಿಫಾರಸಿನಿಂದಲ್ಲ; ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಲ್ಲಿ ಲೀಲಾಕುಮಾರಿ ಅಮ್ಮ ಹೂಡಿದ ಮೊಕದ್ದಮೆಯಿಂದ.

ಆಮೇಲೆ ಅಧ್ಯಯನಗಳ ಮಳೆ ಸುರಿಯಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು, ಮನುಷ್ಯರ ರಕ್ತಗಳಲ್ಲಿ ಎಂಡೋಸಲ್ಫಾನ್ ಉಳಿಕೆ ಹೆಚ್ಚಿನ ಪ್ರಮಾಣದಲ್ಲಿದೆ ಎಂದಿತು. ಅದೇ ವರ್ಷ ಪ್ಲಾಂಟೇಶನ್ ಕಾರ್ಪೊರೇಶನ್ ತಮಿಳುನಾಡಿನ ಪಡಪ್ಪೈಯ ಫ್ರೆಡ್ರಿಕ್ ಸಂಸ್ಥೆಯಿಂದ ಅಧ್ಯಯನ ಮಾಡಿಸಿತು. ಆತಂಕಪಡುವಂತಹದ್ದು ಏನೂ ಇಲ್ಲವೆಂಬ ಉತ್ತರ ಬಂತು. ಒಂದೇ ಊರು, ಒಂದೇ ವಿಷ, ಒಂದೇ ವರ್ಷ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯೆ ಬಂದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ತನಿಖೆಗೆ ಇಳಿಯಿತು. ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಂದಿಗೆ ಹೋಲಿಸಿ ನೋಡಿತು. 10ರಿಂದ 19 ವರ್ಷದ 117 ಗಂಡುಮಕ್ಕಳು ಒಂದು ಕಡೆ, 90 ಮಂದಿ ಇನ್ನೊಂದು ಕಡೆ. ಪಡ್ರೆಯ ಹುಡುಗರಲ್ಲಿ ಲೈಂಗಿಕ ಬೆಳವಣಿಗೆ ತಡವಾಗಿರುವುದು 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಸಂಸ್ಥೆಯೂ ಸರ್ಕಾರದ್ದೇ. ಸರ್ಕಾರದ ಹಣ ಬಂದಲ್ಲೆಲ್ಲ ಸುಳ್ಳು ಬರುತ್ತದೆ ಎಂದು ಹೇಳುವವರು ಇದನ್ನು ಮರೆಯಬಾರದು. ವ್ಯತ್ಯಾಸ ಎಲ್ಲಿತ್ತು? ಪ್ರಶ್ನೆ ಕೇಳಿದ್ದು ತೋಟದ ಯಜಮಾನನಲ್ಲ, ಮಾನವ ಹಕ್ಕುಗಳ ಆಯೋಗ. ಪರೀಕ್ಷಿಸಿದ್ದು ಕೃಷಿ ಇಲಾಖೆಯಲ್ಲ, ಆರೋಗ್ಯ ಸಂಶೋಧನಾ ವ್ಯವಸ್ಥೆ.

ಕೃಷಿ ಇಲಾಖೆಯ ಕಡೆಯಿಂದ ಬಂದ ದುಬೆ ಸಮಿತಿ ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ಸಂಬಂಧ ಕಾಣುವುದಿಲ್ಲವೆಂದಿತು. ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಭಾರತ ನಿಷೇಧವನ್ನು ವಿರೋಧಿಸುತ್ತಲೇ ಬಂತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬಹುಕಾಲ ಉಳಿಯುವ ವಿಷರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ವಿಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು.

ಯಾವ ಕಾಯಿಲೆಗೆ ಎಷ್ಟರ ಮಟ್ಟಿಗೆ ಎಂಡೋಸಲ್ಫಾನ್ ಕಾರಣ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಭಿನ್ನಮತವಿದೆ, ಭಿನ್ನಮತ ಹೇಳುವವರೆಲ್ಲ ಕಂಪನಿಯ ಏಜೆಂಟರಲ್ಲ. ಆದರೆ ಆ ವಾದ ಬಗೆಹರಿಯದೆ ಉಳಿದಿರುವುದಕ್ಕೆ ದೊಡ್ಡ ಕಾರಣ, ಸಿಂಪಡಣೆಗೆ ಮೊದಲು ಇಲ್ಲಿನ ಜನರ ಆರೋಗ್ಯ ಹೇಗಿತ್ತೆಂದು ಯಾರೂ ಅಳೆಯದೆ ಹೋದದ್ದು. ಅಳೆಯಬೇಕೆಂಬ ಪ್ರಶ್ನೆಗೆ ಆಗ ಒಬ್ಬ ಯಜಮಾನನೂ ಇರಲಿಲ್ಲ. ಪಡ್ರೆಗೆ ಸಮೀಪದ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸ ನಡೆದದ್ದು 2013ರಲ್ಲಿ, ಎಂ.ಬಿ.ಬಿ.ಎಸ್. ಸೀಟುಗಳಿಗೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಕಲ್ಲು ಹಾಕಲು ಬಂದವರ ಉತ್ಸಾಹ ಕಟ್ಟಡಕ್ಕೆ ಬರಲು ಹನ್ನೆರಡು ವರ್ಷ ಹಿಡಿಯಿತು.

ಹಣದ ನಂತರ ಕುರ್ಚಿ. ಕುಲಪತಿ ಯಾರಾಗುತ್ತಾರೆ ಎಂಬುದು ನೇಮಕಾತಿ, ಪಠ್ಯ, ಸಂಶೋಧನೆ ಎಲ್ಲವನ್ನೂ ತಟ್ಟುತ್ತದೆ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಪಾಲರು ಕುಲಾಧಿಪತಿ, ನೇಮಿಸುವವರು ಅವರು. ರಾಜ್ಯಪಾಲರನ್ನು ಕಳುಹಿಸುವುದು ಕೇಂದ್ರ. ಸಂಬಳ ಕೊಡುವುದು ರಾಜ್ಯ. ಎರಡೂ ಕಡೆ ಒಂದೇ ಪಕ್ಷವಿದ್ದಾಗ ಈ ಬಿರುಕು ಕಾಣುವುದಿಲ್ಲ; ಬೇರೆ ಬೇರೆ ಪಕ್ಷಗಳಿದ್ದಾಗ ವಿಶ್ವವಿದ್ಯಾಲಯವೇ ಅಖಾಡವಾಗುತ್ತದೆ.

ನಮ್ಮ ಕಣ್ಣೂರು ವಿಶ್ವವಿದ್ಯಾಲಯವೇ ಇದಕ್ಕೆ ಪಾಠಪುಸ್ತಕದ ಉದಾಹರಣೆ. ಕುಲಪತಿ ಗೋಪಿನಾಥ್ ರವೀಂದ್ರನ್ ಅವರನ್ನು 2021ರ ನವೆಂಬರ್‌ನಲ್ಲಿ ಮರುನೇಮಕ ಮಾಡಲಾಯಿತು. 2023ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮರುನೇಮಕ ಕಾನೂನಿನಲ್ಲಿ ಸಾಧ್ಯವಿಲ್ಲವೆಂಬುದು ಕಾರಣವಾಗಿರಲಿಲ್ಲ. ಕುಲಾಧಿಪತಿಯಾಗಿ ಸ್ವತಂತ್ರವಾಗಿ ತೀರ್ಮಾನಿಸಬೇಕಾಗಿದ್ದ ರಾಜ್ಯಪಾಲರು ರಾಜ್ಯ ಸರ್ಕಾರದ ಒತ್ತಾಯಕ್ಕೆ ತಮ್ಮ ಅಧಿಕಾರವನ್ನು ಬಿಟ್ಟುಕೊಟ್ಟರು ಎಂಬುದು ಕಾರಣ. ಅದಕ್ಕೂ ಮೊದಲು, 2022ರ ಅಕ್ಟೋಬರ್‌ನಲ್ಲಿ, ಕೇರಳ ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿ ನೇಮಕವನ್ನೂ ಇದೇ ನ್ಯಾಯಾಲಯ ರದ್ದುಮಾಡಿತ್ತು. ಶೋಧನಾ ಸಮಿತಿ ಯುಜಿಸಿ ನಿಯಮದಂತೆ ಹಲವು ಹೆಸರುಗಳನ್ನು ಕೊಡದೆ ಒಂದೇ ಹೆಸರನ್ನು ಕೊಟ್ಟಿತ್ತು. ಒಂದು ಹೆಸರಿನ ಪಟ್ಟಿಯಿಂದ ಆಯ್ಕೆ ಮಾಡುವುದು ಹೇಗೆಂದು ಕೇಳಬೇಡಿ. ಅದರ ಬೆನ್ನಿಗೇ ಆಗಿನ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಒಂಬತ್ತು ಕುಲಪತಿಗಳಿಗೆ ರಾಜೀನಾಮೆ ಕೊಡಲು ಸೂಚಿಸಿದರು. ಡಿಸೆಂಬರ್‌ನಲ್ಲಿ ಕೇರಳ ವಿಧಾನಸಭೆ ರಾಜ್ಯಪಾಲರನ್ನು ಕುಲಾಧಿಪತಿ ಸ್ಥಾನದಿಂದ ತೆಗೆಯುವ ವಿಧೇಯಕವನ್ನು ಅಂಗೀಕರಿಸಿತು. ಅದಕ್ಕೆ ರಾಷ್ಟ್ರಪತಿಯ ಅಂಕಿತ ಸಿಗಲಿಲ್ಲ. ಹಲವು ವಿಶ್ವವಿದ್ಯಾಲಯಗಳು ದೀರ್ಘಕಾಲ ಪ್ರಭಾರ ಕುಲಪತಿಗಳ ಕೈಯಲ್ಲಿ ನಡೆದವು.

ಎರಡೂ ಕಡೆಯವರ ವಾದವನ್ನು ಕೇಳಿದರೆ ತಲೆದೂಗಬೇಕೆನಿಸುತ್ತದೆ: ಚುನಾಯಿತರಲ್ಲದ ರಾಜ್ಯಪಾಲರ ಕೈಗೆ ಏಕೆ ಕೊಡಬೇಕು ಎಂದು ಒಬ್ಬರು, ಆಳುವ ಪಕ್ಷದ ಕೈಗೆ ಏಕೆ ಕೊಡಬೇಕು ಎಂದು ಇನ್ನೊಬ್ಬರು. ಅಧ್ಯಾಪಕರ ಕೈಗೆ ಕೊಡೋಣ ಎಂದು ಹೇಳಿದವರು ಮಾತ್ರ ಕಾಣಲಿಲ್ಲ. 2025ರ ಜನವರಿಯ ಯುಜಿಸಿ ಕರಡು ನಿಯಮ ಕುಲಪತಿ ಶೋಧನಾ ಸಮಿತಿಯಲ್ಲಿ ರಾಜ್ಯ ಸರ್ಕಾರಕ್ಕೆ ಜಾಗವನ್ನೇ ಇಡದೆ ಹೋದಾಗ ಕೇರಳ ವಿಧಾನಸಭೆ ವಿರೋಧ ನಿರ್ಣಯ ಮಾಡಿತು. ಗಡಿಯಾಚೆಯ ಕರ್ನಾಟಕವೂ 2024ರ ಕೊನೆಯಲ್ಲಿ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಮುಖ್ಯಮಂತ್ರಿಯನ್ನೇ ಕುಲಾಧಿಪತಿ ಮಾಡುವ ವಿಧೇಯಕವನ್ನು ಅಂಗೀಕರಿಸಿತು. ಪಕ್ಷ ಬೇರೆ, ಹಂಬಲ ಒಂದೇ.

ಈ ಜಗಳದ ನಡುವೆ ಕನ್ನಡದ ಪಾಡೇನು? ಕಣ್ಣೂರು ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಾಸರಗೋಡಿನ ಚಾಲದಲ್ಲಿದೆ, ಪೆರಿಯದಲ್ಲಿಯೂ ಕನ್ನಡ ವಿಭಾಗವಿದೆ. ಚಿಕ್ಕ ವಿಭಾಗಗಳಿಗೆ ಕುಲಪತಿಯ ವಿವಾದದಿಂದ ಆಗುವ ಹಾನಿ ಸುದ್ದಿಯಾಗುವುದಿಲ್ಲ. ಪ್ರಭಾರದಲ್ಲಿರುವವರು ದೊಡ್ಡ ತೀರ್ಮಾನಕ್ಕೆ ಹಿಂಜರಿಯುತ್ತಾರೆ. ದೊಡ್ಡ ವಿಭಾಗವೊಂದು ಖಾಲಿ ಹುದ್ದೆಯನ್ನು ಹೇಗೋ ತಾಳಿಕೊಳ್ಳುತ್ತದೆ, ಬೆರಳೆಣಿಕೆಯ ಅಧ್ಯಾಪಕರಿರುವಲ್ಲಿ ಒಂದು ಹುದ್ದೆ ಖಾಲಿಯಾದರೆ ಮಾರ್ಗದರ್ಶಕರೇ ಇಲ್ಲವಾಗುತ್ತಾರೆ. ಮಾರ್ಗದರ್ಶಕರಿಲ್ಲದ ಮೇಲೆ ವಿದ್ಯಾರ್ಥಿ ಮಂಗಳೂರಿನ ಬಸ್ ಹತ್ತುತ್ತಾನೆ.

ವಿದ್ಯಾರ್ಥಿಯ ಕೈಗೆ ಬರುವ ಹಣವೂ ಆಯ್ಕೆಯ ಉಪಕರಣ. 2023ರಿಂದ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಆ ಫೆಲೋಶಿಪ್ಪಿನ ಅರ್ಹತಾ ಪರೀಕ್ಷೆಯ (ನೆಟ್) ಮೂಲಕ ಬಾರದ ಪಿಎಚ್‌.ಡಿ. ವಿದ್ಯಾರ್ಥಿಗೆ ಸಿಗುವುದು 8,000. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ 2022ರಲ್ಲಿ ನಿಲ್ಲಿಸಿತು. ಇಂತಹ ತೀರ್ಮಾನಗಳು ಯಾವ ಪ್ರಬಂಧವನ್ನೂ ಸುಡುವುದಿಲ್ಲ, ಬರೆಯಬಹುದಾಗಿದ್ದವರನ್ನು ಬೇರೆ ಕೆಲಸಕ್ಕೆ ಕಳುಹಿಸುತ್ತವೆ.

ವಿಜ್ಞಾನದ ಕಡೆ ಈಗ ದೊಡ್ಡ ಕೈ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ್ದು. 2023ರ ಕಾಯಿದೆ ಅದನ್ನು ರೂಪಿಸಿತು, 2008ರ ಕಾಯಿದೆಯಡಿ ನಡೆಯುತ್ತಿದ್ದ ಹಳೆಯ ಮಂಡಳಿ ಅದರಲ್ಲಿ ಲೀನವಾಯಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ, ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರೇತರ ಮೂಲಗಳಿಂದ ಬರಬೇಕು. ಆಡಳಿತ ಮಂಡಳಿಯ ಅಧ್ಯಕ್ಷರು ಪ್ರಧಾನಮಂತ್ರಿ. ವಿಜ್ಞಾನ ಮತ್ತು ಶಿಕ್ಷಣ ಮಂತ್ರಿಗಳು ಉಪಾಧ್ಯಕ್ಷರು. ಪ್ರಧಾನಿಯೇ ಮೇಲಿದ್ದರೆ ಹಣಕಾಸು ಇಲಾಖೆ ಕಡತವನ್ನು ಹಿಡಿದಿಡುವುದಿಲ್ಲ ಎಂಬ ಸಮರ್ಥನೆಯಿದೆ, ಅದರಲ್ಲಿ ಹುರುಳೂ ಇದೆ: ದೇಶದ ಒಟ್ಟು ಉತ್ಪನ್ನದ 0.64 ಶೇಕಡಾ ಮಾತ್ರ ಸಂಶೋಧನೆಗೆ ಹೋಗುವ ನಾಡು ನಮ್ಮದು. ಆದರೆ ಬ್ರಿಟನ್ನಿನ ಪದ್ಧತಿ ಇದಕ್ಕೆ ನೇರ ವಿರುದ್ಧ. ಒಟ್ಟು ಹಣ ಎಷ್ಟೆಂದು ಸರ್ಕಾರ ನಿರ್ಧರಿಸಲಿ, ಯಾವ ಸಂಶೋಧನೆಗೆಂದು ಆ ವಿಷಯ ಬಲ್ಲವರು ನಿರ್ಧರಿಸಲಿ ಎಂಬ ತತ್ವ 1918ರ ಹಾಲ್ಡೇನ್ ವರದಿಯ ಹೆಸರಿನಲ್ಲಿ ಅಲ್ಲಿ ಚಾಲ್ತಿಯಲ್ಲಿದೆ, 2017ರ ಕಾಯಿದೆಯಲ್ಲಿ ಸೇರಿದೆ. ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ಹಾರ್ವರ್ಡ್ ಸರ್ಕಾರದ ಬೇಡಿಕೆಗಳಿಗೆ ಒಪ್ಪದಿದ್ದಾಗ 220 ಕೋಟಿ ಡಾಲರಿಗೂ ಹೆಚ್ಚು ಅನುದಾನ ತಡೆಹಿಡಿಯಲ್ಪಟ್ಟಿತು. ಸೆಪ್ಟೆಂಬರ್‌ನಲ್ಲಿ ಬಾಸ್ಟನ್ನಿನ ಫೆಡರಲ್ ನ್ಯಾಯಾಧೀಶೆ ಅದು ಕಾನೂನುಬಾಹಿರವೆಂದರು. ಅಲ್ಲಿ ಜಗಳ ಬಯಲಲ್ಲಿ ನಡೆಯಿತು. ಕುಲಪತಿಯ ಆಯ್ಕೆಯೇ ಸರ್ಕಾರದ ಅಂಗಳದಲ್ಲಿ ನಡೆಯುವ ಕಡೆ ಅಷ್ಟು ಜಗಳದ ಅಗತ್ಯ ಬೀಳುವುದು ವಿರಳ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಂಗಳದ ಮಾತೊಂದನ್ನು ಬಿಡಲಾಗದು: ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂಬ ಮೊದಲ ಗುಂಪಿಗೆ ಸೇರಿಸಿತು. ಕಾಸರಗೋಡಿನಿಂದ ಶಿವಮೊಗ್ಗದವರೆಗೆ ಬೆಳೆಗಾರರಿಗೆ ಇದು ಹೊಟ್ಟೆಯ ಪ್ರಶ್ನೆ. ಅಂದಿನಿಂದ ಪಕ್ಷಭೇದವಿಲ್ಲದೆ ಸಂಸದರೆಲ್ಲ ಮಂತ್ರಿಗಳಿಗೆ ಮನವಿ ಸಲ್ಲಿಸುತ್ತಿದ್ದಾರೆ, ಕೃಷಿ ಸಂಶೋಧನಾ ಪರಿಷತ್ತಿನ ಅಡಿಯಲ್ಲಿ ಅಡಿಕೆ ಮತ್ತು ಆರೋಗ್ಯದ ಕುರಿತ ಅಧ್ಯಯನವೂ ಈಚೆಗೆ ಶುರುವಾಗಿದೆ. ಅಧ್ಯಯನ ಬೇಕು, ತಕರಾರಿಲ್ಲ. ತಂಬಾಕಿನೊಂದಿಗೆ ತಿನ್ನುವುದಕ್ಕೂ ಬರಿ ಅಡಿಕೆಗೂ ವ್ಯತ್ಯಾಸವೆಷ್ಟು ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ಸಭೆಗಳಲ್ಲಿ ಕೇಳಿಬರುವ ಬೇಡಿಕೆ ಅಧ್ಯಯನ ಮಾಡಿ ಎಂಬುದಲ್ಲ, ಅಡಿಕೆ ನಿರಪಾಯವೆಂದು ಸಾಬೀತುಪಡಿಸಿ ಎಂಬುದು. ತೋಟದ ಯಜಮಾನನೇ ಉತ್ತರ ಬರೆದುಕೊಟ್ಟು ಪ್ರಯೋಗಾಲಯ ಹುಡುಕಿದರೆ ಏನಾಗುತ್ತದೆ ಎಂದು ಪಡ್ರೆಯ ನೆರೆಹೊರೆಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಶುರುವಾಗಿರುವ ಅಧ್ಯಯನದ ವರದಿ ಬಂದ ದಿನ ಪತ್ರಿಕೆಯ ತಲೆಬರಹಕ್ಕಿಂತ ಮೊದಲು ನೋಡಬೇಕಾದವು ಬೇರೆ: ಬರಿ ಅಡಿಕೆ ತಿನ್ನುವವರನ್ನು ತಂಬಾಕು ಸೇರಿಸಿ ತಿನ್ನುವವರಿಂದ ಬೇರ್ಪಡಿಸಿ ಲೆಕ್ಕ ಹಾಕಿದ್ದಾರೆಯೇ, ಎಷ್ಟು ವರ್ಷ ತಿಂದವರನ್ನು ನೋಡಿದ್ದಾರೆ, ವೈದ್ಯಕೀಯ ಸಂಸ್ಥೆಗಳ ಮಾತಿಗೆ ಎಷ್ಟು ಬೆಲೆಯಿತ್ತು, ಮೂಲ ಅಂಕಿಅಂಶವನ್ನು ಬೇರೆ ವಿಜ್ಞಾನಿಗಳಿಗೆ ತೆರೆದಿಟ್ಟಿದ್ದಾರೆಯೇ, ಫಲಿತಾಂಶ ಬೆಳೆಗಾರರಿಗೆ ಕಹಿಯಾಗಿದ್ದರೂ ಪ್ರಕಟಿಸುತ್ತೇವೆಂದು ಮೊದಲೇ ಬರೆದುಕೊಟ್ಟಿದ್ದರೇ ಇಲ್ಲವೇ.